ಅರಳುಮರಳೆಂಬ ಮಾತು



ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಎಲ್ಲರೂ ಲಘುವಾಗಿ ಆಡಿಬಿಡುತ್ತೇವೆ. ಹಿರಿಯರು ಕೊಟ್ಟ ಹಣ ಮರೆತರೆ ಅರಳುಮರಳು, ಆಡಿದ ಮಾತನ್ನೇ ಆಡಿದರೆ ಅರಳುಮರಳು. ಆ ಮರೆವಿನ ಹಿಂದೆ ದುಃಖವೇನಾದರೂ ಇದೆಯೇ ಎಂದು ವಿಚಾರಿಸುವವರು ವಿರಳ.

ಶ್ರೀಮಠಕ್ಕೆ ತಪ್ಪದೆ ನಡೆದುಕೊಳ್ಳುತ್ತಿದ್ದ ಹಿರಿಯ ಭಕ್ತರೊಬ್ಬರಿದ್ದಾರೆ. ನೂರಾರು ವಚನಗಳು ಅವರಿಗೆ ಕಂಠಸ್ಥ. ಪತ್ನಿ ಲಿಂಗೈಕ್ಯರಾದ ಮೇಲೆ ಅವರಿಗೆ ಊಟ ನಿದ್ರೆಗಳು ಕಡಿಮೆಯಾದುವು. ವಚನ ಅರ್ಧಕ್ಕೇ ನಿಲ್ಲತೊಡಗಿತು. ಅಡಿಕೆಯ ಲೆಕ್ಕ ತಪ್ಪಿತು. ಏನು ಕೇಳಿದರೂ "ಗೊತ್ತಿಲ್ಲ ಬುದ್ಧೀ, ನನ್ನ ತಲೆಯೇ ಹೋಯಿತು" ಎನ್ನುವರು. ನಾವು ಅದನ್ನು ವೈರಾಗ್ಯವೆಂದು ತಿಳಿದೆವು. ಜಪವನ್ನು ಹೆಚ್ಚಿಸಿರೆಂದು ಅಪ್ಪಣೆ ಕೊಟ್ಟು ಕಳುಹಿಸಿದೆವು. ಅದು ನಮ್ಮ ತಪ್ಪು. ಎಲ್ಲಿಯೂ ನಿಲ್ಲಲಾರದ ಮನಸ್ಸಿಗೆ ಮತ್ತೊಂದು ಹೊರೆ ಹೊರಿಸಿದಂತಾಯಿತು. ಅಷ್ಟರಲ್ಲಿ ಗಂಡುಮಕ್ಕಳು ಜಮೀನಿನ ಪತ್ರಕ್ಕೆ ರುಜು ಹಾಕಿಸುವ ಮಾತೆತ್ತಿದ್ದರು.

ವಿರಕ್ತನಾದವನು ಹಗುರಾಗುತ್ತಾನೆ, ವಿಷಣ್ಣನಾದವನು ಕುಗ್ಗುತ್ತಾನೆ. ಈ ಭೇದ ನಮಗೆ ಆಗಲೇ ಹೊಳೆಯಬೇಕಾಗಿತ್ತು. ಗೀತೆಯ ಮೊದಲನೆಯ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು. ಗಾಂಡೀವ ಕೈಜಾರಿದಾಗ ಅರ್ಜುನನಿಗೆ ಬಿಲ್ವಿದ್ಯೆ ಮರೆತಿತ್ತೇ? ಕಲಿತದ್ದೆಲ್ಲ ಒಳಗೇ ಇತ್ತು. ಅದನ್ನು ಎತ್ತಿ ಕೊಡಬೇಕಾದ ಮನಸ್ಸು ಕುಸಿದಿತ್ತು. ಚರಕಸಂಹಿತೆಯೂ ರೋಗವನ್ನು ಬೆಳೆಸುವವುಗಳಲ್ಲಿ ವಿಷಾದಕ್ಕೇ ಅಗ್ರಸ್ಥಾನ ಕೊಟ್ಟಿದೆ.

ಇಂದಿನ ವೈದ್ಯರು ಹೇಳುವುದೂ ಇದಕ್ಕೆ ದೂರವಲ್ಲ. ಖಿನ್ನತೆ ಕವಿದಾಗ ಗಮನ ನಿಲ್ಲದು; ಗಮನ ನಿಲ್ಲದಿದ್ದರೆ ಕೇಳಿದ್ದು ನೆನಪಿಗೆ ಇಳಿಯದು; ವಿಚಾರವೂ ನಿಧಾನವಾಗುವುದು. ನೋಡುವವರಿಗೆ ಮಿದುಳೇ ಸವೆದಂತೆ ತೋರುತ್ತದೆ. ಇಂಥ ಹುಸಿ ಮರೆವನ್ನು ಕುರಿತು ಲೆಸ್ಲಿ ಕೀಲೋ ಎಂಬ ಮನೋವೈದ್ಯರು 1961ರಲ್ಲಿಯೇ ಬರೆದರು. ಸಾಮಾನ್ಯವಾಗಿ ಖಿನ್ನರು ತಮ್ಮ ಮರೆವನ್ನು ತಾವೇ ಹೇಳಿಕೊಂಡು ಮರುಗುತ್ತಾರೆ; ಮಿದುಳು ಸವೆಯುತ್ತಿರುವವರು ಅದನ್ನು ಮುಚ್ಚಿಕೊಳ್ಳುತ್ತಾರೆ, ದೂರುವವರು ಮನೆಯವರು. ಆದರೆ ಇಷ್ಟರಿಂದಲೇ ನೀವು ತೀರ್ಮಾನ ಮಾಡಬೇಡಿ. ಎರಡೂ ಒಬ್ಬರಲ್ಲಿಯೇ ಕೂಡಿರಬಹುದು. ಇಳಿವಯಸ್ಸಿನ ಖಿನ್ನತೆ ಕೆಲವರಲ್ಲಿ ಮುಂಬರುವ ನಿಜವಾದ ಮರೆವಿನ ಮೊದಲ ಗುರುತೂ ಆದೀತು. ಥೈರಾಯ್ಡ್ ಗ್ರಂಥಿ ಕುಂದಿದರೂ, ಬಿ-12 ಜೀವಸತ್ತ್ವ ಕಡಿಮೆಯಾದರೂ ಹೀಗಾಗುವುದುಂಟು. ಅದು ರಕ್ತಪರೀಕ್ಷೆಯಿಂದ ತಿಳಿಯಬೇಕು.

ಆ ಹಿರಿಯರನ್ನು ಮನೋವೈದ್ಯರಲ್ಲಿಗೆ ಕರೆದೊಯ್ದವಳು ಮಗಳು. ಹುಚ್ಚರ ಡಾಕ್ಟರೆಂದು ಅಣ್ಣಂದಿರು ಹಿಂಜರಿದಿದ್ದರು. ಔಷಧ ಹಿಡಿಯಲು ವಾರಗಳೇ ಬೇಕಾದುವು. ನಾಲ್ಕನೆಯ ತಿಂಗಳು ಅವರು ಮಠಕ್ಕೆ ಬಂದು ನಾವು ಕೇಳದೆಯೇ ಒಂದು ವಚನವನ್ನು ಪೂರ್ತಿಯಾಗಿ ಹೇಳಿದರು. ಕೆಲವರ ಹೆಸರು ಈಗಲೂ ಅವರಿಗೆ ಬೇಗನೆ ಬಾಯಿಗೆ ಬರುವುದಿಲ್ಲ, ನಮಗೂ ಬರುವುದಿಲ್ಲ. ಜಮೀನು ಅವರ ಹೆಸರಿನಲ್ಲಿಯೇ ಇದೆ.

ದೂರದ ಹಳ್ಳಿಗಳವರಿಗೆ ಒಂದು ಮಾತು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಫೋನ್ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ಹಿರಿಯರನ್ನು ವೈದ್ಯರಿಗೆ ತೋರಿಸಿಕೊಂಡು ಬನ್ನಿ. ಜಪದ ವಿಚಾರವನ್ನು ಆಮೇಲೆ ಮಾತನಾಡೋಣ.