ಬೇರಿಗೆ ನೆರವಾಗುವ ಶಿಲೀಂಧ್ರ
(ಕುಂಬಾರವಾಡದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉದ್ಯೋಗ ಖಾತ್ರಿ ಯೋಜನೆಯಡಿ ನೆಟ್ಟ ಸಸಿ ಒಣಗಿದರೆ ನಾವು ಮಳೆಯನ್ನೋ ದನಗಳನ್ನೋ ದೂರುತ್ತೇವೆ. ಮಣ್ಣನ್ನು ವಿಚಾರಿಸುವವರು ವಿರಳ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯುಮಿನಿಯಂಗಳೊಂದಿಗೆ ಬಂಧಿತವಾಗಿ ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ. ಬೇರಿನೊಳಗೆ ನೆಲೆಸುವ ಮೈಕೊರೈಜಾ ಶಿಲೀಂಧ್ರವು ಕೂದಲಿಗಿಂತ ತೆಳುವಾದ ಎಳೆಗಳನ್ನು ಬೇರು ತಲುಪದೆಡೆಗೂ ಚಾಚಿ ರಂಜಕವನ್ನೂ ಅಷ್ಟಿಷ್ಟು ನೀರನ್ನೂ ಒದಗಿಸುತ್ತದೆ. ಪ್ರತಿಯಾಗಿ ಎಲೆ ತಯಾರಿಸಿದ ಸಕ್ಕರೆಯನ್ನು ಪಡೆಯುತ್ತದೆ. ಸಾಗುವಾನಿ, ಅಡಿಕೆ, ಕಾಳುಮೆಣಸು, ಗೆಣಸು ಎಲ್ಲಕ್ಕೂ ಈ ನಂಟುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಇದನ್ನು ಅಭ್ಯಸಿಸಿದ್ದಾರೆ.

ಮಳೆಯ ಕ್ರಮ ತಪ್ಪುತ್ತಿರುವ ಈ ಕಾಲದಲ್ಲಿ ಎಳೆಯ ಸಸಿಗೆ ಈ ನೆರವು ಇನ್ನಷ್ಟು ಅಗತ್ಯ. ಆದರೆ ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯಲಾರದು. ಜೆಸಿಬಿ ಮೇಲ್ಮಣ್ಣನ್ನು ಹೆರೆದು ಬರಿದಾಗಿಸಿದ ನೆಲದಲ್ಲಿ ಅದು ಕ್ಷೀಣಿಸುತ್ತದೆ. ರಂಜಕದ ಗೊಬ್ಬರ ಅತಿಯಾದರೂ ಈ ನಂಟು ಸಡಿಲಗೊಳ್ಳುತ್ತದೆ. 'ಹೆಚ್ಚು ಹಾಕಿದಷ್ಟೂ ಒಳ್ಳೆಯದು' ಎಂಬ ನಂಬಿಕೆ ಇಲ್ಲಿ ಸಲ್ಲದು.

ಆದುದರಿಂದ ಸಸ್ಯಕ್ಷೇತ್ರದ ಚೀಲಗಳಿಗೆ ಮಣ್ಣು ತುಂಬುವಾಗ ಅದೇ ಜಾತಿಯ ರೋಗರಹಿತ ಹಳೆಯ ಮರದ ಬುಡದ, ಸಣ್ಣ ಬೇರುಗಳಿರುವ ಮೇಲ್ಮಣ್ಣನ್ನು ಒಂದು ಹಿಡಿ ಸೇರಿಸಬೇಕು. ಇದನ್ನು ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ತರುವಂತಿಲ್ಲ. ಊರಿನ ಹಿತ್ತಿಲು, ತೋಟಗಳಲ್ಲಿ ದೊರೆಯುವಷ್ಟೇ ಸಾಕು. ಗುಂಡಿ ತೆಗೆಯುವಾಗ ಮೇಲ್ಮಣ್ಣನ್ನು ಪ್ರತ್ಯೇಕವಾಗಿರಿಸಿ ಮರಳಿ ಬೇರಿನ ಸುತ್ತಲೇ ತುಂಬಬೇಕೆಂದು ಕ್ರಿಯಾಯೋಜನೆಯಲ್ಲಿಯೇ ಬರೆಯಿಸಿರಿ. ಬುಡಕ್ಕೆ ದರಕು ಹೊದಿಸಿರಿ, ಸುಡಬೇಡಿರಿ. ಚೀಲ ತುಂಬುವ ಕೆಲಸ ಮಳೆಗಾಲಕ್ಕೆ ಬಹಳ ಮುನ್ನವೇ ನಡೆಯುವುದರಿಂದ ಈ ವಿಷಯವು ಮುಂದಿನ ಸಾಮಾನ್ಯ ಸಭೆಯ ಮುಂದೆ ಬರುವುದು ಸೂಕ್ತ.