ಗೆಳತಿಯ ಸ್ಟ್ರಿಪ್ ಫೋಟೊ ಹಿಡಿದು ಮೆಡಿಕಲ್‌ಗೆ ಹೋದ ಕಥೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇಲ್ಲಾಂದ್ರೂ ಪರವಾಗಿಲ್ಲ, ಮನೆಯವರೂ ಕೇಳಲಿ. ಇವತ್ತಿನ ಮಾತು ಗರ್ಭನಿರೋಧಕ ಮಾತ್ರೆ ಬಗ್ಗೆ. ನನ್ನ ಇನ್‌ಬಾಕ್ಸ್‌ನಲ್ಲಿ ಸುಮಾರು ಜನ ಕೇಳಿರೋದು ಒಂದೇ: "ಅಕ್ಕ, ಯಾವ ಪಿಲ್ ಒಳ್ಳೇದು?" ನಾನು ಓದಿದ್ದು ಬಿಕಾಂ, ಡಾಕ್ಟರಿಕೆ ಗೊತ್ತಿಲ್ಲ. ಆದರೆ ಇದೇ ಪ್ರಶ್ನೆ ನಾನೂ ಕೇಳಿ, ಸ್ವಲ್ಪದರಲ್ಲಿ ತಪ್ಪಿಸಿಕೊಂಡವಳು. ಅದನ್ನೇ ಹೇಳ್ತೀನಿ.

ಮೂರು ವರ್ಷದ ಹಿಂದೆ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಒಂದು ಪಿಲ್ ತಗೋತಿದ್ಲು. ಮೊಡವೆ ಎಲ್ಲ ಹೋಗಿ ಮುಖ ಫಳಫಳ ಅಂತಿತ್ತು. ನನಗೂ ಪಿಲ್ ಬೇಕಿತ್ತು. ಅವಳ ಸ್ಟ್ರಿಪ್ ಫೋಟೊ ತೆಗೆದುಕೊಂಡು ಮೆಡಿಕಲ್‌ಗೆ ಹೋದೆ. ಅಂಗಡಿಯವರು ಒಂದು ಮಾತೂ ಕೇಳಲಿಲ್ಲ. ನ್ಯೂಸ್ ಪೇಪರ್‌ನಲ್ಲಿ ಸುತ್ತಿ, ಕಪ್ಪು ಕವರ್‌ಗೆ ಹಾಕಿ ಕೊಟ್ಟರು. ನಾನೂ ಬೇಗ ಬೇಗ ದುಡ್ಡು ಕೊಟ್ಟು ಓಡಿ ಬಂದೆ.

ರಾತ್ರಿ ಡಬ್ಬಿಯೊಳಗಿನ ಚೀಟಿ ಬಿಡಿಸಿದೆ. ಕಾಮರ್ಸ್ ಓದಿದವರಿಗೆ ಸಣ್ಣಕ್ಷರ ಓದೋ ಚಾಳಿ ಇರುತ್ತೆ ನೋಡಿ. ಯಾರು ತಗೋಬಾರದು ಅನ್ನೋ ಪಟ್ಟಿಯಲ್ಲಿ ಮೈಗ್ರೇನ್ ಅಂತ ಇತ್ತು. ನನಗೆ ಆಗಾಗ ಅರೆತಲೆನೋವು ಬರುತ್ತೆ, ಲ್ಯಾಪ್‌ಟಾಪ್ ನೋಡಿ ನೋಡಿ ಬರುತ್ತೆ ಅಂದುಕೊಂಡಿದ್ದೆ. ಯಾಕೋ ಅನುಮಾನ ಬಂತು. ಮಾರನೇ ದಿನ ರಜೆ ಹಾಕಿ ಡಾಕ್ಟರ್ ಹತ್ತಿರ ಹೋದೆ.

ಅವರು ಮೊದಲು ಬಿಪಿ ನೋಡಿದರು. ಆಮೇಲೆ, "ತಲೆನೋವು ಶುರುವಾಗೋಕೆ ಮುಂಚೆ ಕಣ್ಣ ಮುಂದೆ ಏನಾದ್ರೂ ಮಿಂಚಿದ ಹಾಗೆ ಆಗುತ್ತಾ?" ಅಂತ ಕೇಳಿದರು. ಆಗುತ್ತೆ ಅಂದೆ. ಅಂಕುಡೊಂಕಾದ ಬೆಳಕಿನ ಗೆರೆ ಬಂದು, ಸುಮಾರು ಇಪ್ಪತ್ತು ನಿಮಿಷ ಇದ್ದು, ಆಮೇಲೆ ನೋವು. ಅವರು ಸ್ಟ್ರಿಪ್ ತಗೊಂಡು ಪಕ್ಕಕ್ಕಿಟ್ಟು, "ಇದು ನಿಮಗೆ ಬೇಡಮ್ಮ" ಅಂದರು.

ವಿಷಯ ಏನಂದ್ರೆ, ನಾವು ಸಾಮಾನ್ಯವಾಗಿ ಪಿಲ್ ಅನ್ನೋದ್ರಲ್ಲಿ ಎರಡು ಹಾರ್ಮೋನ್ ಇರುತ್ತೆ, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್. ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟೋ ಸಾಧ್ಯತೆಯನ್ನ ಸ್ವಲ್ಪ ಹೆಚ್ಚಿಸುತ್ತೆ. ಆರೋಗ್ಯವಾಗಿರೋ ಹೆಚ್ಚಿನ ಹುಡುಗಿಯರಿಗೆ ಆ ಅಪಾಯ ತೀರಾ ಕಡಿಮೆ. ಆದರೆ ನನ್ನ ಥರ ಕಣ್ಣಿಗೆ ಬೆಳಕು ಮಿಂಚೋ ಮೈಗ್ರೇನ್ ಇದ್ದವರಿಗೆ ಸ್ಟ್ರೋಕ್ ಅಪಾಯ ಮೊದಲೇ ಒಂದಿಷ್ಟು ಜಾಸ್ತಿ. ಅದರ ಮೇಲೆ ಇದೂ ಸೇರಿದರೆ? ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಇಂಥವರಿಗೆ ಈ ಪಿಲ್ ಕೊಡಬಾರದು ಅನ್ನುತ್ತೆ. ಬಿಪಿ ಜಾಸ್ತಿ ಇರೋರು, 35 ದಾಟಿ ಸಿಗರೇಟ್ ಸೇದೋರು, ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದೋರು, ಹೊಸದಾಗಿ ಹೆತ್ತು ಹಾಲೂಡಿಸ್ತಿರೋರು, ಇವರಿಗೂ ಇದು ಬೇಡ. ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಕೆಲವು ಮಾತ್ರೆಗಳು ಪಿಲ್‌ನ ಕೆಲಸವನ್ನೇ ಕಡಿಮೆ ಮಾಡ್ತವೆ. ಬೇರೆ ಯಾವ ಮಾತ್ರೆ ತಗೋತಿದ್ದೀರಿ ಅಂತ ಡಾಕ್ಟರ್ ಕೇಳದಿದ್ರೂ ನೀವೇ ಹೇಳಿ.

ಹಾಗಾದ್ರೆ ಏನೇನಿದೆ? ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗೋ ಮಾಲಾ-ಎನ್ ಎರಡು ಹಾರ್ಮೋನ್‌ನದ್ದೇ. 28 ಮಾತ್ರೆ ಇರುತ್ತೆ, ಅದರಲ್ಲಿ 21 ಹಾರ್ಮೋನ್, ಕೊನೇ 7 ಕಬ್ಬಿಣಾಂಶದ್ದು. ಫ್ರೀ ಅಂತ ಮೂಗು ಮುರೀಬೇಡಿ, ದುಬಾರಿ ಪಿಲ್‌ನಷ್ಟೇ ಚೆನ್ನಾಗಿ ಗರ್ಭ ತಡೆಯುತ್ತೆ. ರೂಮ್‌ಮೇಟ್‌ನದ್ದು ಡ್ರೊಸ್ಪೈರಿನೋನ್ ಇರೋದು, ಮೊಡವೆಗೆ ಒಳ್ಳೇದು. ಆದರೆ ರಕ್ತ ಹೆಪ್ಪುಗಟ್ಟೋ ಅಪಾಯ ಮಾಲಾ-ಎನ್ ಥರದ್ದಕ್ಕಿಂತ ತುಸು ಜಾಸ್ತಿ. ನೋಡಿ, ಲಾಭ ಒಂದು ಕಡೆ, ಖರ್ಚು ಒಂದು ಕಡೆ.

ಇನ್ನೊಂದು ಛಾಯಾ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದಿದ್ದು, ನಮ್ಮದೇ ದೇಶದ್ದು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅದು ಹಾರ್ಮೋನ್ ಮಾತ್ರೆ ಅಲ್ಲ ಅಂತ ಕೇಳಿದ ತಕ್ಷಣ "ಅಯ್ಯೋ ಅದೇ ಬೆಸ್ಟ್" ಅನ್ನಬೇಡಿ. ಮುಟ್ಟು ತಡವಾಗಬಹುದು. ಪಿಸಿಒಡಿ ಇರೋರಿಗೆ ಕೊಡಲ್ಲ. ನಮ್ಮ ಕೇಳುಗರಲ್ಲಿ ಪಿಸಿಒಡಿ ಎಷ್ಟು ಜನಕ್ಕಿದೆ ಅಂತ ನಿಮ್ಮ ಮೆಸೇಜ್ ಓದೋ ನನಗೆ ಗೊತ್ತು.

ಆಮೇಲೆ ಎಮರ್ಜೆನ್ಸಿ ಪಿಲ್. ಅದು 72 ಗಂಟೆ ಒಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ಒಬ್ಬಳು ತಿಂಗಳಿಗೆ ಮೂರು ಸಲ ತಗೋತೀನಿ ಅಂತ ಬರೆದಿದ್ದಳು. ಯಾಕಮ್ಮ ಅಂದ್ರೆ, ರೆಗ್ಯುಲರ್ ಪಿಲ್ ಕೇಳೋಕೆ ನಾಚಿಕೆಯಂತೆ. ದಿನಾ ತಗೊಳ್ಳೋ ಪಿಲ್‌ನಷ್ಟು ಅದು ಕೆಲಸ ಮಾಡಲ್ಲ, ಮುಟ್ಟೂ ಏರುಪೇರಾಗುತ್ತೆ. ಅವಳ ನಾಚಿಕೆ ನನಗೆ ಅರ್ಥ ಆಗುತ್ತೆ. ನನ್ನನ್ನೂ ರಿಸೆಪ್ಷನ್‌ನಲ್ಲಿ "ಮದುವೆ ಆಗಿದ್ಯಾ?" ಅಂತ ಜೋರಾಗಿ ಕೇಳಿದ್ದರು. ಇಡೀ ಬೆಂಚು ತಿರುಗಿ ನೋಡಿತ್ತು. ಎದ್ದು ಬರೋಣ ಅನ್ನಿಸಿತ್ತು. ಬಂದಿದ್ದರೆ ಆ ಸ್ಟ್ರಿಪ್ ಶುರು ಮಾಡಿರ್ತಿದ್ದೆ.

ಹಾಂ, ಅಮ್ಮಂದಿರು ಹೇಳೋ "ಮುಂದೆ ಮಕ್ಕಳಾಗಲ್ಲ" ಅನ್ನೋದು ನಿಜ ಅಲ್ಲ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲುತ್ತೆ. ಹಾಗೇ, ಯಾವ ಪಿಲ್ ಕೂಡ ಲೈಂಗಿಕ ಸೋಂಕು ತಡೆಯಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು. ಪಿಲ್ ತಗೋತಿದ್ದಾಗ ಒಂದೇ ಕಾಲು ಊದಿ ನೋವಾದ್ರೆ, ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದ ಹಾಗೆ ಭಯಂಕರ ತಲೆನೋವು ಬಂದರೆ ಗೂಗಲ್ ಮಾಡ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನನಗೆ ಕೊನೆಗೆ ಡಾಕ್ಟರ್ ಕೊಟ್ಟಿದ್ದು ಪ್ರೊಜೆಸ್ಟಿನ್ ಮಾತ್ರ ಇರೋ ಪಿಲ್. ಮೊದಲ ಕೆಲವು ತಿಂಗಳು ಯಾವಾಗ ಬೇಕಾದ್ರೂ ಸ್ಪಾಟಿಂಗ್, ತಲೆ ಕೆಟ್ಟು ಹೋಗಿತ್ತು. ಈಗ ಸರಿ ಇದೆ. ಮೊಡವೆ ಮಾತ್ರ ಹಾಗೇ ಇದೆ, ಬಿಡಿ. ದಿನಾ ಒಂದೇ ಹೊತ್ತಿಗೆ ತಗೋಬೇಕು ಅಂತ ರಾತ್ರಿ ಒಂಬತ್ತಕ್ಕೆ ಅಲಾರಂ. ರೂಮ್‌ಮೇಟ್ ಅದೇ ಹಳೇ ಸ್ಟ್ರಿಪ್ ತಗೋತಾಳೆ, ಅವಳ ಅಲಾರಂ ಕೂಡ ಒಂಬತ್ತಕ್ಕೇ. ಎರಡೂ ಒಟ್ಟಿಗೆ ಹೊಡ್ಕೊಳ್ತವೆ.

ಮುಂದಿನ ವಾರ ಕಾಪರ್-ಟಿ ಬಗ್ಗೆ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳಲ್ಲ.