ಜಪಾನಿನ ಹಿರಿಯರೂ ಅವರ ಹಳೆಯ ಹಾಡುಗಳೂ

(ಕೂಟದ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಕನ್ನಡ ಕೂಟದ ವೇದಿಕೆಯಿಂದ ಜಪಾನಿನ ಹಾಡುಗಳನ್ನು ಕುರಿತು ಮಾತನಾಡಹೊರಟಿರುವುದು ತಮಗೆ ವಿಚಿತ್ರವೆನಿಸಬಹುದು. ವೈದ್ಯರಿಗೂ ಹಾಡಿಗೂ ಏನು ಸಂಬಂಧವೆಂಬ ಪ್ರಶ್ನೆಯೂ ಏಳಬಹುದು. ಆದರೆ ಮುಪ್ಪೆಂಬುದನ್ನು ಇತರರಿಗಿಂತ ಮೊದಲೇ, ದೊಡ್ಡ ಪ್ರಮಾಣದಲ್ಲಿ ಎದುರಿಸಿದ ನಾಡು ಜಪಾನ್. ಅಲ್ಲಿ ಹತ್ತು ಜನರಲ್ಲಿ ಸುಮಾರು ಮೂವರು 65 ವರ್ಷ ದಾಟಿದವರು. ನೂರು ತುಂಬಿದವರು 1963ರಲ್ಲಿ ಕೇವಲ 153 ಮಂದಿಯಿದ್ದರೆ, 2024ರಲ್ಲಿ 95 ಸಾವಿರವನ್ನು ಮೀರಿದ್ದರು. 2000ದ ಏಪ್ರಿಲ್‌ನಲ್ಲಿ ಆ ದೇಶ ದೀರ್ಘಕಾಲದ ಆರೈಕೆಗೆಂದೇ ಕಡ್ಡಾಯ ವಿಮೆಯನ್ನು ಜಾರಿಗೆ ತಂದಿತು. ಹಿರಿಯರು ಹಗಲುಹೊತ್ತು ಬಂದು ಸ್ನಾನ, ಊಟ, ವ್ಯಾಯಾಮ ಮುಗಿಸಿ ಸಂಜೆ ಮನೆಗೆ ಮರಳುವ ಕೇಂದ್ರಗಳು ಊರೂರಲ್ಲೂ ಇವೆ. ಅಂಥ ಕೇಂದ್ರಗಳ ದಿನಚರಿಯಲ್ಲಿ ಹಾಡುವುದಕ್ಕೂ ಸ್ಥಾನವಿದೆ. ಈ ವಿಷಯ ನಮ್ಮ ಮನೆಗಳಿಗೂ ಸಂಬಂಧಿಸಿದ್ದೆಂಬುದು ನಮ್ಮ ನಂಬಿಕೆ.

ಅವರು ಹಾಡುವುದು ಏನನ್ನು? ಮೊದಲನೆಯದು 'ಶೋಕಾ' ಎಂಬ ಶಾಲಾಗೀತೆಗಳು. ಮೇಜಿ ಕಾಲದಲ್ಲಿ ಶಾಲೆಗಳಿಗೆ ಸಂಗೀತ ಪಾಠವನ್ನು ತರಲೆಂದು ಇಸಾವಾ ಶೂಜಿ ಎಂಬ ಶಿಕ್ಷಣತಜ್ಞರು ಶ್ರಮಿಸಿದರು. 1880ರಲ್ಲಿ ಬಾಸ್ಟನ್ನಿನಿಂದ ಲೂಥರ್ ವೈಟಿಂಗ್ ಮೇಸನ್ ಎಂಬ ಉಪಾಧ್ಯಾಯರು ಅವರಿಗೆ ನೆರವಾಗಲು ಬಂದರು. ಹೀಗೆ ಸ್ಕಾಟ್ಲೆಂಡಿನ 'ಆಲ್ಡ್ ಲ್ಯಾಂಗ್ ಸೈನ್' ಧಾಟಿ ಜಪಾನೀ ನುಡಿಯುಟ್ಟು 'ಹೊತಾರು ನೊ ಹಿಕಾರಿ' ಆಯಿತು. ಇಂದಿಗೂ ಅದು ಶಾಲೆಯ ಬೀಳ್ಕೊಡುಗೆಗಳಲ್ಲಿ ಕೇಳಿಬರುತ್ತದೆ. 1914ರಲ್ಲಿ ತಕಾನೊ ತತ್ಸುಯುಕಿ ಬರೆದು ಒಕಾನೊ ತೇಯಿಚಿ ರಾಗ ಹಾಕಿದರೆಂದು ಗುರುತಿಸಲಾಗಿರುವ 'ಫುರುಸಾತೊ', ಎಂದರೆ 'ಹುಟ್ಟೂರು', ಹಳ್ಳಿಯ ಬೆಟ್ಟ ಹೊಳೆಗಳನ್ನೂ ತಂದೆತಾಯಿಗಳನ್ನೂ ದೂರದಿಂದ ನೆನೆಯುವ ಹಾಡು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್ ಮುಕ್ತಾಯ ಸಮಾರಂಭದಲ್ಲಿ ಅದನ್ನು ಹಾಡಿದರು. ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು 'ದೋಯೋ', ಕವಿಗಳು ಮಕ್ಕಳಿಗೆಂದು ಬರೆದ ಹಾಡುಗಳು. ಮಿಕಿ ರೋಫೂ ಅವರ 1921ರ ಕವನಕ್ಕೆ ಯಮಾದಾ ಕೋಸಾಕು 1927ರಲ್ಲಿ ಸ್ವರ ಹಾಕಿದ 'ಅಕಾತೊಂಬೊ', ಎಂದರೆ 'ಕೆಂಪು ಏರೋಪ್ಲೇನ್ ಚಿಟ್ಟೆ', ಇವುಗಳಲ್ಲಿ ಶಿಖರಪ್ರಾಯ. ತನ್ನನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸಿದ ದಾದಿಯ ನೆನಪು ಅದರಲ್ಲಿದೆ. ಇದರ ಸ್ವರಗಳು ಕನ್ನಡದ ಕಿವಿಗೆ ಪರಕೀಯವಲ್ಲ. ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಆ ಐದು ಸ್ವರಗಳ ಶ್ರೇಣಿಯನ್ನು ಅವರು 'ಯೊನಾನುಕಿ' ಎನ್ನುತ್ತಾರೆ. ಮಧ್ಯಮ ನಿಷಾದಗಳಿಲ್ಲದ ಅದೇ ಸ್ವರಗಳನ್ನು ನಾವು ಮೋಹನ ರಾಗದಲ್ಲಿ ಕೇಳುತ್ತೇವೆ. ಗಮಕ ಬೇರೆ, ನಡೆ ಬೇರೆ. ಮನೆ ಮಾತ್ರ ಒಂದೇ.

ಮೂರನೆಯದು ಯುದ್ಧದ ಬೆನ್ನಿಗೆ ಬಂದ ಹಾಡುಗಳು. 'ಸಾತೊ ನೊ ಅಕಿ', ಎಂದರೆ 'ಹಳ್ಳಿಯ ಶರತ್ಕಾಲ', 1945ರ ಡಿಸೆಂಬರ್ 24ರಂದು ರೇಡಿಯೋದಲ್ಲಿ ಪ್ರಸಾರವಾಯಿತು. ದಕ್ಷಿಣದ ದ್ವೀಪಗಳಿಂದ ತಂದೆ ಕ್ಷೇಮವಾಗಿ ಮರಳಲೆಂದು ತಾಯಿಮಗು ಹಾರೈಸುವ ಹಾಡದು. ಆದರೆ 1941ರ ಮೂಲ ಕವನದಲ್ಲಿ ಯುದ್ಧೋತ್ಸಾಹದ ನುಡಿಗಳಿದ್ದವು. ಸೋಲಿನ ನಂತರ ಕವಿ ಸಾಯಿತೊ ನೊಬುವೊ ಅವನ್ನು ತೆಗೆದು ಹೊಸದಾಗಿ ಬರೆದರು. ಆ ರಾತ್ರಿ ಅದನ್ನು ಕೇಳಿದ ಎಷ್ಟೋ ಮನೆಗಳಿಗೆ ತಂದೆ ಮರಳಲೇ ಇಲ್ಲ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹಳೆಯ ಹಾಡೆಂದ ಮಾತ್ರಕ್ಕೆ ಎಲ್ಲ ಹಿರಿಯರಿಗೂ ಒಂದೇ ಹಾಡು ಸಲ್ಲದು. ಸುಮಾರು ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಮುಪ್ಪಿನಲ್ಲಿ ಹೆಚ್ಚು ದಟ್ಟವಾಗಿ ಉಳಿಯುತ್ತವೆಂಬುದು ಮನೋವಿಜ್ಞಾನ ಕಂಡುಕೊಂಡಿರುವ ಸಂಗತಿ. ಇಂದು ಎಂಬತ್ತರ ಆಸುಪಾಸಿನಲ್ಲಿರುವ ಜಪಾನೀಯರು ಯುದ್ಧ ಮುಗಿಯುವ ಹೊತ್ತಿನಲ್ಲಿ ಹುಟ್ಟಿದವರು. ಅವರ ಹರೆಯದ ಹಾಡು ಸಾಕಾಮೊಟೊ ಕ್ಯೂ ಅವರ 1961ರ 'ಉಎ ಒ ಮುಯಿತೆ ಅರುಕೋ'. 'ಸುಕಿಯಾಕಿ' ಎಂಬ ಅಸಂಬದ್ಧ ಹೆಸರಿನಲ್ಲಿ ಅದು 1963ರಲ್ಲಿ ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತ್ತು. ಆ ಪೀಳಿಗೆ 1966ರಲ್ಲಿ ಬೀಟಲ್ಸ್ ತಂಡ ಟೋಕಿಯೋಗೆ ಬಂದದ್ದನ್ನೂ ಕಂಡಿದೆ. ಅಂಥವರ ಮುಂದೆ ಬರಿಯ ಶಿಶುಗೀತೆಗಳನ್ನಿಟ್ಟರೆ ಸಾಲದು.

ಇನ್ನು ವೈದ್ಯಕೀಯಕ್ಕೆ ಬರೋಣ. 2015ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಬಹುಕಾಲದಿಂದ ಬಲ್ಲ ಸಂಗೀತವನ್ನು ಗುರುತಿಸುವ ಮಿದುಳಿನ ಭಾಗಗಳಿಗೆ ಆಲ್‌ಝೈಮರ್ ಕಾಯಿಲೆಯ ಪೆಟ್ಟು ಇತರ ಭಾಗಗಳಿಗಿಂತ ಕಡಿಮೆ. ಮಗಳ ಹೆಸರನ್ನು ಮರೆತವರೂ ಒಂದು ಹಾಡನ್ನು ಕೊನೆಯವರೆಗೆ ಹಾಡಬಲ್ಲರೆಂಬುದಕ್ಕೆ ಇದು ಒಂದು ವಿವರಣೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಲ್ಲಿ ಕೆಲವರು ಅದೇ ಪದಗಳನ್ನು ರಾಗವಾಗಿ ನುಡಿಯಬಲ್ಲರೆಂಬುದನ್ನೂ ವೈದ್ಯರು ಬಲ್ಲರು. ಆದರೆ ಅತಿಶಯೋಕ್ತಿ ಬೇಡ. ಸಂಗೀತದಿಂದ ಖಿನ್ನತೆ ತುಸು ಇಳಿಯುವ ಸಂಭವವಿದೆಯೆಂಬುದಷ್ಟೇ ಇದುವರೆಗಿನ ಪರೀಕ್ಷೆಗಳ ಸಾರ. ಕಳೆದ ನೆನಪು ಅದರಿಂದ ಮರಳದು, ರೋಗವೂ ನಿಲ್ಲದು. ಹಾಡು ಔಷಧವಲ್ಲ, ಅದು ಊಟದಂತೆ, ಬೆಳಕಿನಂತೆ, ಬದುಕಿಗೆ ಬೇಕಾದದ್ದು.

ಆ ಕೇಂದ್ರಗಳ ಕ್ರಮದಲ್ಲಿ ಕಲಿಯತಕ್ಕದ್ದು ಬಹಳವಿದೆ. ಮುಪ್ಪಿನಲ್ಲಿ ಕಂಠ ತಗ್ಗುವುದರಿಂದ ಶ್ರುತಿಯನ್ನು ಇಳಿಸುತ್ತಾರೆ, ಲಯವನ್ನು ನಿಧಾನಗೊಳಿಸುತ್ತಾರೆ. ಸಾಹಿತ್ಯವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ತೂಗುಹಾಕುತ್ತಾರೆ. ಮುಂದಿನ ಸಾಲನ್ನು ನಡೆಸುವವರು ಒಂದು ಕ್ಷಣ ಮೊದಲೇ ನುಡಿದುಕೊಡುತ್ತಾರೆ. ಋತುವಿಗೆ ತಕ್ಕ ಹಾಡನ್ನು ಆರಿಸುವುದರಿಂದ, ತಿಂಗಳು ಯಾವುದೆಂದು ಮರೆತವರಿಗೆ ಪರೀಕ್ಷೆಯ ಮುಜುಗರವಿಲ್ಲದೆ ಕಾಲದ ಅರಿವುಂಟಾಗುತ್ತದೆ. ಊಟಕ್ಕೆ ಮುನ್ನ ಪ, ತ, ಕ, ರ ಎಂಬ ಅಕ್ಷರಗಳನ್ನು ಮತ್ತೆ ಮತ್ತೆ ಹೇಳಿಸುವ ಬಾಯಿಯ ವ್ಯಾಯಾಮವೂ ಅಲ್ಲಿ ಪ್ರಚಲಿತ. ನಮ್ಮ ವರ್ಣಮಾಲೆಯ ಮಾತಿನಲ್ಲಿ ಹೇಳುವುದಾದರೆ ಪ ಓಷ್ಠ್ಯ, ತ ದಂತ್ಯ, ಕ ಕಂಠ್ಯ. ತುಟಿ, ನಾಲಗೆಯ ತುದಿ, ನಾಲಗೆಯ ಬುಡ ಎಲ್ಲಕ್ಕೂ ಕೆಲಸ ಸಿಗುತ್ತದೆ. ನುಂಗುವ ಶಕ್ತಿ ಕುಂದಿ ಅನ್ನ ಶ್ವಾಸಕೋಶಕ್ಕಿಳಿದರೆ ಬರುವ ನ್ಯುಮೋನಿಯಾ ವೃದ್ಧರಿಗೆ ಎಷ್ಟು ಮಾರಕವೆಂಬುದನ್ನು ಬಲ್ಲವರಿಗೆ ಈ ಆಟದ ಬೆಲೆ ತಿಳಿದೀತು.

ಎಚ್ಚರಿಕೆಯೂ ಅಗತ್ಯ. ಯುದ್ಧಕಾಲದ ಹಾಡು ಒಬ್ಬರಿಗೆ ಹರೆಯದ ನೆನಪಾದರೆ, ಪಕ್ಕದವರಿಗೆ ಸತ್ತ ಅಣ್ಣನ ನೆನಪು. ಕಣ್ಣೀರು ಬಂದರೆ ಹಾಡನ್ನು ಅಲ್ಲಿಗೇ ನಿಲ್ಲಿಸಬೇಕೆಂದಿಲ್ಲ, ಆದರೆ ಕೈ ಹಿಡಿಯಲು ಒಬ್ಬರು ಹತ್ತಿರವಿರಬೇಕು. 'ಪೆದ್ದುತನ'ದ ಅರ್ಥವಿದ್ದ 'ಚಿಹೋ' ಎಂಬ ರೋಗನಾಮವನ್ನು ಜಪಾನ್ 2004ರಲ್ಲಿ ಕೈಬಿಟ್ಟು 'ನಿಂಚಿಶೋ' ಎಂಬ ಗೌರವದ ಪದವನ್ನು ಬಳಕೆಗೆ ತಂದಿತು. ಆ ಗೌರವ ಹಾಡಿಸುವವರ ದನಿಯಲ್ಲೂ ಇರಬೇಕು. ಎಂಬತ್ತರ ಹಿರಿಯರು ಮಕ್ಕಳ ಹಾಡನ್ನು ಹಾಡಿದ ಮಾತ್ರಕ್ಕೆ ಮಕ್ಕಳಾಗುವುದಿಲ್ಲ.

ಬಂಧುಗಳೇ, ಈಗ ನಮ್ಮ ಮಾತು. ಮರೆವಿನ ಕಾಯಿಲೆಯಲ್ಲಿ ಅನೇಕರಿಗೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯ್ನುಡಿ ಹೆಚ್ಚು ಕಾಲ ಉಳಿಯುತ್ತದೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದವರು ಒಂದು ದಿನ ದಾದಿಯೊಡನೆ ಕನ್ನಡದಲ್ಲೇ ಮಾತನಾಡತೊಡಗಿದರೆ, ಕನ್ನಡವೆಂದರೇನೆಂದು ತಿಳಿಯದವರು ಅದನ್ನು 'ಅಸಂಬದ್ಧ ಪ್ರಲಾಪ'ವೆಂದು ದಾಖಲೆಯಲ್ಲಿ ಬರೆದಾರು. ಜಪಾನಿನ ಆರೈಕೆ ಕೇಂದ್ರಗಳಲ್ಲಿ ಹಾಡಿಸುವವರಿಗೂ ಹಾಡುವವರಿಗೂ ಭಾಷೆ ಒಂದೇ. ನಮಗೆ ಇಲ್ಲಿ ಆ ಭಾಗ್ಯವಿಲ್ಲ. ನಮ್ಮ ಹಿರಿಯರ ಹಾಡು ಯಾವುದೆಂದು ಇಲ್ಲಿನ ಆಸ್ಪತ್ರೆಗೆ ನಾವು ಹೇಳದೆ ಬೇರೆ ಯಾರೂ ಹೇಳಲಾರರು.

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ. ತಂದೆತಾಯಿಗಳು, ಅತ್ತೆಮಾವಂದಿರು ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಪಕ್ಕದಲ್ಲಿ ಕುಳಿತು ಹತ್ತು ಹಾಡುಗಳನ್ನು ಬರೆದುಕೊಳ್ಳೋಣ. ಅದು ದಾಸರ ಪದವಿರಲಿ, ಸೋಬಾನೆಯಿರಲಿ, ಕಾಳಿಂಗರಾಯರ ಭಾವಗೀತೆಯಿರಲಿ, ಪಿ. ಬಿ. ಶ್ರೀನಿವಾಸ್ ರಾಜಕುಮಾರರಿಗಾಗಿ ಹಾಡಿದ ಚಿತ್ರಗೀತೆಯಿರಲಿ. ಆರಿಸುವವರು ಅವರು, ನಾವಲ್ಲ. ಯಾರಿಂದ ಕಲಿತರು, ಯಾವ ಊರಲ್ಲಿ ಹಾಡಿದರು, ಯಾವ ಹಾಡು ನೋವು ತರುವುದು ಎಂಬುದನ್ನೂ ಬರೆದಿಡೋಣ. ಅವರದೇ ಕಂಠದಲ್ಲಿ ಮುದ್ರಿಸಿಕೊಳ್ಳೋಣ. ಆ ಹಾಳೆಯ ಒಂದು ಪ್ರತಿ ಔಷಧಗಳ ಪಟ್ಟಿಯ ಜೊತೆಗಿರಲಿ. ನಾಳೆ ನಾವೂ ಆ ಕುರ್ಚಿಯಲ್ಲಿ ಕೂರುವವರೇ. ನಮ್ಮ ಹತ್ತು ಹಾಡುಗಳನ್ನು ಇಲ್ಲಿ ಬೆಳೆದ ನಮ್ಮ ಮಕ್ಕಳು ಓದಬಲ್ಲ ಲಿಪಿಯಲ್ಲಿ ಬರೆದಿಟ್ಟರೆ ಇನ್ನೂ ಲೇಸು.